ಕಂಪ್ಯೂಟರಿನೊಳಗಿನ ಬೇಡಕಿಹಾಳ

ನನಗೆ ಮೂವತ್ತಮೂರನೆಯ ವಯಸ್ಸಿಗೆ ನಿವೃತ್ತಿಯಾಯಿತು. ಶಾಲು ಹೊದಿಸಿದರು, ತೆಂಗಿನಕಾಯಿ ಕೊಟ್ಟರು, ನಮ್ಮ ಮುಖ್ಯಸ್ಥರಾದ ಬಿಳಗಿ ಸರ್ ನನ್ನ ವಿಶ್ರಾಂತ ಜೀವನ ಸುಖವಾಗಿರಲಿ ಎಂದು ಹಾರೈಸಿದರು. ಯೋಜನೆ ನಿಂತು ಕೆಲಸ ಹೋಗಿದೆ ಎನ್ನಬೇಕಾದ ಜಾಗದಲ್ಲಿ ಆ ಮಾತು ಯಾರ ಬಾಯಿಗೂ ಬರಲಿಲ್ಲ. ಜೊತೆಗೆ ಕೆಲಸ ಮಾಡುತ್ತಿದ್ದ ಮೆಹಬೂಬಭಾಯಿ ಹಾರ ಹಾಕುವಾಗ ಕಿವಿಯ ಹತ್ತಿರ ಬಂದು, "ಪೆನ್ಶನ್ ಒಂದ್ ಬಿಟ್ರ ಎಲ್ಲಾ ಸಿಕ್ತ್ ನೋಡ್ರಿ, ಬಾಯಾರ" ಎಂದರು. ಹೆಣ್ಣುಮಕ್ಕಳನ್ನು ಅವರು ಕರೆಯುವುದೇ ಹಾಗೆ. ಹತ್ತು ನಿಮಿಷದ ಮೇಲೆ ಅವರಿಗೂ ಅದೇ ಬಣ್ಣದ ಶಾಲು ಹೊದಿಸಿ ನಿವೃತ್ತಿ ಮಾಡಿದರು.

ಅಪ್ಪ ಬಸ್ ಕಂಡಕ್ಟರಾಗಿ ಪೂರ್ತಿ ಸರ್ವೀಸು ಮುಗಿಸಿ ಮನೆಗೆ ಬಂದ ವರ್ಷವೇ ನಾನೂ ಬಂದೆ. "ಛಲೋ ಆತು, ಇನ್ನ ಇಬ್ರೂ ಕೂಡೇ ಚಹಾ ಕುಡಿಯೂಣು" ಎಂದರು.

ಈಚೆಗೆ ರಾಯಬಾಗದ ಇಬ್ಬರು ಹುಡುಗಿಯರು ಅಲಖನೂರದ ನಮ್ಮ ಮನೆಗೆ ಬಂದಿದ್ದರು. ಭಾಷೆಗಳು ಹೇಗೆ ಬೆಳೆಯುತ್ತವೆ, ಹೇಗೆ ಅಳಿಯುತ್ತವೆ ಎಂಬುದನ್ನು ಕಂಪ್ಯೂಟರಿನಲ್ಲಿ ನೋಡುವ ಕೆಲಸಕ್ಕೆ ಅವರು ಅರ್ಜಿ ಹಾಕಿದ್ದಾರೆ. ಕೆಲಸದ ಜಾಹೀರಾತಿನಲ್ಲಿ ಇರುವುದನ್ನು ಅವರು ಓದಿಕೊಂಡಿದ್ದರು. ಅದರಲ್ಲಿ ಇಲ್ಲದ್ದನ್ನು ನಾನು ಬರೆಯುತ್ತಿದ್ದೇನೆ. ದಿನಚರಿ ಬರೆಯುವ ಚಟ ನನಗೆ ಶಾಲೆಯಿಂದಲೂ ಇರುವುದರಿಂದ ಹೆಚ್ಚು ಕಡಿಮೆ ಆಗಲಾರದು.

ಕೆಲಸ ಇಷ್ಟು. ಕಂಪ್ಯೂಟರಿನಲ್ಲಿ ಒಂದು ಊರು ಮಾಡಬೇಕು. ಅದರೊಳಗೆ ಮಂದಿಯನ್ನು ಬಿಡಬೇಕು. ಮಂದಿ ಎಂದರೆ ಪರದೆಯ ಮೇಲಿನ ಚುಕ್ಕೆಗಳು. ಕನ್ನಡ ಮಾತಾಡುವ ಚುಕ್ಕೆಗೆ ನೀಲಿ, ಮರಾಠಿ ಮಾತಾಡುವುದಕ್ಕೆ ಬೂದು. ಬೇರೆ ಯಾವ ಬಣ್ಣ ಹಚ್ಚಿದರೂ ನಮ್ಮ ಭಾಗದಲ್ಲಿ ಇದು ಯಾರ ಬಾವುಟದ್ದೆಂದು ಯಾರಾದರೂ ಬಂದು ವಿಚಾರಿಸುತ್ತಾರೆಂದು ಬಿಳಗಿ ಸರ್ ಒಂದು ವಾರ ಯೋಚಿಸಿ ಆರಿಸಿದ ಬಣ್ಣಗಳು ಅವು. ಚುಕ್ಕೆಗಳು ಓಡಾಡುತ್ತವೆ, ಒಂದನ್ನೊಂದು ಭೇಟಿಯಾಗುತ್ತವೆ. ನೀಲಿ ಚುಕ್ಕೆಗೆ ಬೂದು ಚುಕ್ಕೆಗಳೇ ಹೆಚ್ಚು ಸಿಗುತ್ತಾ ಹೋದರೆ ಅದು ಮೆಲ್ಲಗೆ ಬೂದಾಗುತ್ತದೆ. ಹೀಗೆ ನಿಯಮಗಳನ್ನು ಬರೆದು ಗುಂಡಿ ಒತ್ತಿದರೆ ವರ್ಷಗಳು ಉರುಳುತ್ತವೆ. ಬೆಳಿಗ್ಗೆ ಕಚೇರಿಗೆ ಬಂದು ಒತ್ತಿದರೆ ಚಹಾದ ಹೊತ್ತಿಗೆ ಒಂದು ಶತಮಾನ ಮುಗಿದಿರುತ್ತಿತ್ತು. ನಮ್ಮ ಕಚೇರಿ ಚಿಕ್ಕೋಡಿಯಲ್ಲಿ ಒಂದು ಗೊಬ್ಬರದ ಅಂಗಡಿಯ ಮೇಲಿನ ಕೋಣೆ. ಹಾಗಾಗಿ ನಾವು ಕಂಡ ಎಲ್ಲ ಶತಮಾನಗಳಿಗೂ ಯೂರಿಯಾದ ವಾಸನೆ ಇತ್ತು.

ಇದೆಲ್ಲ ಯಾಕೆ ಬೇಕಿತ್ತೆಂದರೆ, ಹಸುಗೂಸಿರುವ ಮನೆಗಳಿಗೆ ಲಸಿಕೆಯ ಸೂಜಿ ಹಾಕಿಸುವ ದಿನವನ್ನು ನೆನಪಿಸುವ ಫೋನ್ ಕರೆಗಳು ಶುರುವಾಗಲಿದ್ದವು. ಮೊದಲೇ ಮುದ್ರಿಸಿಟ್ಟ ಧ್ವನಿ, ಊರಿಗೆ ಒಂದೇ ಭಾಷೆ. ಒಮ್ಮೆ ಮುದ್ರಿಸಿದ್ದು ಬಹಳ ವರ್ಷ ನಡೆಯಬೇಕು. ಆದ್ದರಿಂದ ಊರಿನಲ್ಲಿ ಈಗ ಯಾವ ಮಾತು ಇದೆ ಎನ್ನುವುದರ ಜೊತೆಗೆ ಮುಂದೆ ಯಾವುದು ಉಳಿಯುತ್ತದೆ ಎನ್ನುವುದೂ ಹಣ ಕೊಡುವವರಿಗೆ ಬೇಕಾಗಿತ್ತು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳು ನಮ್ಮ ಪಾಲಿಗೆ ಬಂದವು. ನಾವು ಹೇಳಿದ ಭವಿಷ್ಯ ಅವರಿಗೆ ಒಪ್ಪಿಗೆಯಾದರೆ ಎರಡನೇ ಹಂತ, ಎಂದರೆ ಇನ್ನೂ ಮೂರು ವರ್ಷ ಕೆಲಸ. ಇಲ್ಲವಾದರೆ ಶಾಲು. ನಾನು ಓದಿದ ಓದಿಗೆ, ಮನೆಯಿಂದ ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲೇ ಬರುವ ಕೆಲಸ ಈ ಭಾಗದಲ್ಲಿ ಇದೊಂದೇ ಇತ್ತು. ಎರಡನೇ ಹಂತ ಎಂಬ ಎರಡು ಶಬ್ದಗಳನ್ನು ನಾವು ಮೂವರೂ ದೇವರ ಹೆಸರಿನ ಹಾಗೆ ದಿನವೂ ಹೇಳುತ್ತಿದ್ದೆವು.

ಬಿಳಗಿ ಸರ್ ಒಳ್ಳೆಯ ಮನುಷ್ಯ. ಕಾಲೇಜಿನಲ್ಲಿ ಬಹಳ ವರ್ಷ ಪಾಠ ಹೇಳಿ ಬಂದವರು. ಅವರಿಗೊಂದು ದೌರ್ಬಲ್ಯವಿತ್ತು: ಮೇಲಿನಿಂದ ಕೆಳಕ್ಕೆ ಬೀಳುವ ಗೆರೆ. ಒಂದು ಭಾಷೆ ಆಡುವವರ ಎಣಿಕೆ ತೋರಿಸುವ ಗ್ರಾಫಿನ ಗೆರೆ ಬಾವಿಗೆ ಬಿದ್ದಂತೆ ಇಳಿದರೆ ಅವರ ಮುಖ ಅರಳುತ್ತಿತ್ತು. ಗೆರೆ ಅಡ್ಡ ಮಲಗಿದರೆ ಅವರೂ ಮೇಜಿನ ಮೇಲೆ ತಲೆಯಿಟ್ಟು ಮಲಗುತ್ತಿದ್ದರು.

ಮೊದಲ ಸಲ ನಾನು ಬರೆದ ಊರಿನಲ್ಲಿ ಗೆರೆ ಎಷ್ಟು ಚೆನ್ನಾಗಿ ಬಿತ್ತೆಂದರೆ ಸರ್ ಎದ್ದು ನಿಂತರು. ಕನ್ನಡವೂ ಬಿತ್ತು, ಮರಾಠಿಯೂ ಬಿತ್ತು. ಪರದೆ ಬೆಳ್ಳಗಾಯಿತು. ಎರಡು ಭಾಷೆಗಳು ಒಂದನ್ನೊಂದು ತಿಂದು ಮುಗಿಸುವುದರ ಬಗ್ಗೆ ಅವರು ಆಗಲೇ ಬರೆಯತೊಡಗಿದ್ದರು. ಮೆಹಬೂಬಭಾಯಿ ಚಹಾ ಹಿಡಿದುಕೊಂಡು ಬಂದು ಪರದೆ ನೋಡಿದರು.

"ಸರ, ಮಂದಿ ಎಲ್ಲಿ ಹೋದ್ರು?"

"ಭಾಷಾ ಸತ್ತೂ ಮೆಹಬೂಬ. ಎರಡೂ."

"ಭಾಷಾ ಅಲ್ರಿ, ಮಂದೀನ ಸತ್ತಾರ. ಇವ್ರಿಗೆ ಮಕ್ಕಳ ಹಡಿಯೂದು ಕಲಿಸೀರೇನು?"

ಕಲಿಸಿರಲಿಲ್ಲ. ಸಾಯುವುದನ್ನು ಬರೆದವಳು ಹುಟ್ಟುವುದನ್ನು ಮರೆತಿದ್ದೆ. ಮರುದಿನ ಹುಟ್ಟುವುದನ್ನು ಬರೆದೆ. ಆ ಗಡಿಬಿಡಿಯಲ್ಲಿ ಸಾಯುವುದು ಅಳಿಸಿಹೋಯಿತು. ಮಧ್ಯಾಹ್ನದ ಹೊತ್ತಿಗೆ ಚುಕ್ಕೆಗಳಿಗೆ ಅಲ್ಲಾಡಲೂ ಜಾಗವಿಲ್ಲದೆ ಕಂಪ್ಯೂಟರ್ ನಿಂತಿತು. "ಕಾಗವಾಡ ಬಸ್ಸಿನ್ಯಾಗ ಹಿಂಗ ಇರ್ತೈತಿ" ಎಂದರು ಮೆಹಬೂಬಭಾಯಿ. ಆ ವಾರದ ನನ್ನ ದಿನಚರಿ ಹೀಗಿದೆ: ಲೋಕ ಮುಳುಗಿದ್ದು ನಾಲ್ಕು ಸಲ. ಕರೆಂಟು ಹೋದದ್ದು ಎರಡು ಸಲ. ಸರ್ ಸಂತೋಷಪಟ್ಟದ್ದು ಒಂದು ಸಲ, ಅದೂ ತಪ್ಪಿನಿಂದ.

ಕಾಗವಾಡದ ವಿಷಯವನ್ನೂ ಹೇಳಬೇಕು. ನಮ್ಮ ಗೋಡೆಯ ಮೇಲಿದ್ದದ್ದು ರಾಜ್ಯದ ನಕ್ಷೆ. ಅದರಲ್ಲಿ ಗಡಿಯ ಆಚೆ ಬರೀ ಬಿಳಿ ಕಾಗದ. ಅದನ್ನೇ ನೋಡಿ ಊರು ಮಾಡಿದ ನಾವು ಗಡಿಯ ಮೇಲೊಂದು ಗೋಡೆ ಎಬ್ಬಿಸಿದ್ದೆವು. ನಮ್ಮ ಚುಕ್ಕೆಗಳು ಅಲ್ಲಿಯವರೆಗೆ ಹೋಗಿ, ಹಣೆ ಬಡಿದುಕೊಂಡು ತಿರುಗಿ ಬರುತ್ತಿದ್ದವು. ಮಾಹಿತಿ ಕೇಳಲು ಕಾಗವಾಡಕ್ಕೆ ಹೋದಾಗ ಚಹಾದಂಗಡಿಯಲ್ಲಿ ಕುಳಿತ ಒಬ್ಬ ಯಜಮಾನರನ್ನು ಕೇಳಿದೆ.

"ಆರಾಮ ಇಲ್ಲಂದ್ರ ದವಾಖಾನಿಗೆ ಎಲ್ಲಿಗೆ ಹೋಗ್ತೀರಿ?"

"ಗಡಿ ಆಚೆ, ಮಿರಜಿಗೆ."

"ಮದುವಿ ಬಟ್ಟಿ ತರಾಕ?"

"ಅದೂ ಅತ್ಲಾಗ."

"ಹೆಣ್ಣು ಕೊಡೂದು?"

"ಕೊಡೂದು ಅತ್ಲಾಗ, ತರೂದೂ ಅತ್ಲಾಗ."

"ಹಂಗಾರ ಇತ್ಲಾಗ ಏನೈತ್ರಿ?"

ಅವರು ಸ್ವಲ್ಪ ಯೋಚಿಸಿ, "ಇತ್ಲಾಗ ರೇಶನ್ ಕಾರ್ಡ್ ಐತಿ" ಎಂದರು.

ಕಚೇರಿಗೆ ಬಂದು ಗೋಡೆ ಕೆಡವಿದೆ.

ಕೆಲಸದ ರೀತಿಯೂ ಬದಲಾಗುತ್ತಾ ಹೋಯಿತು. ಮೊದಲು ಮನೆಮನೆಗೆ ಹೋಗಿ ಹಾಳೆಯ ಮೇಲೆ ಬರೆದುಕೊಳ್ಳುತ್ತಿದ್ದೆವು. ಹಾಳೆಯಲ್ಲಿ ಬದಿಗೆ ಜಾಗವಿರುತ್ತದೆ, ಇದ್ದದ್ದನ್ನು ಇದ್ದ ಹಾಗೆ ಗೀಚಬಹುದು. ಆಮೇಲೆ ಮೊಬೈಲಿಗೊಂದು ಆ್ಯಪ್ ಬಂತು. ಅದರಲ್ಲಿ ಮನೆಮಾತು ಯಾವುದೆಂಬ ಪ್ರಶ್ನೆಗೆ ಮೂರು ಗುಂಡಿ: ಕನ್ನಡ, ಮರಾಠಿ, ಇತರೆ. ಒಂದನ್ನೇ ಒತ್ತಬೇಕು. ಅಥಣಿ ತಾಲೂಕಿನ ಐಗಳಿಯಲ್ಲಿ ಒಬ್ಬ ರೈತರು, "ಎತ್ತಿನ ಕೂಡ ಮಾತಾಡೂದು ಬ್ಯಾರೆ, ಮಾಲ್ ಮಾರಾಕ ಹೋದ್ರ ಅಡತ್ಯಾನ ಕೂಡ ಬ್ಯಾರೆ, ಮಾವನ ಮನ್ಯಾಗ ಬ್ಯಾರೆ. ಯಾವ್ದು ಬರಕೊಳ್ತಿ ತಂಗಿ?" ಎಂದರು. ಇಂಥ ಮನೆಗಳಿಗೆಲ್ಲ ನಾನು ಇತರೆ ಒತ್ತಿದೆ. ಕಂಪ್ಯೂಟರಿಗೆ ಇದು ತಿಳಿಯದು. ಅದು ಇತರೆಯನ್ನೂ ಒಂದು ಭಾಷೆ ಎಂದುಕೊಂಡಿತು. ಗುಂಡಿ ಒತ್ತಿದರೆ ಅಥಣಿ ತಾಲೂಕಿನಲ್ಲಿ ಕನ್ನಡ ಹಿಂದೆ ಸರಿಯಿತು, ಮರಾಠಿ ಹಿಂದೆ ಸರಿಯಿತು, ಎಲ್ಲೆಲ್ಲೂ ಇತರೆ ಹಬ್ಬಿ ನಿಂತಿತು. ಬಿಳಗಿ ಸರ್ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿ, "ಈ ಇತರೆ ಯಾವ ಕುಟುಂಬದ ಭಾಷಾ?" ಎಂದು ಗಂಭೀರವಾಗಿಯೇ ಕೇಳಿದರು. "ಅಥಣಿ ಕುಟುಂಬದ್ರಿ ಸರ" ಎಂದರು ಮೆಹಬೂಬಭಾಯಿ.

ಇವೆಲ್ಲ ಸಣ್ಣವು. ದೊಡ್ಡದು ಬೇಡಕಿಹಾಳ.

ಭಾಷೆ ಎಷ್ಟು ಬೇಗ ಬದಲಾಗುತ್ತದೆ ಎಂದು ತಿಳಿಯಲು ಅವೇ ಮನೆಗಳನ್ನು ಎರಡು ಸಲ ಕೇಳಬೇಕು. ನಿಪ್ಪಾಣಿ ಕಡೆಯ ಬೇಡಕಿಹಾಳದಲ್ಲಿ ಮೊದಲ ಸುತ್ತನ್ನು ಬೇಸಿಗೆಯಲ್ಲಿ ನಾನು ಮಾಡಿದೆ. ಎರಡನೆಯದನ್ನು ಕಬ್ಬಿನ ಹಂಗಾಮಿನಲ್ಲಿ ಮೆಹಬೂಬಭಾಯಿ ಮಾಡಿದರು. ಅವರದು ನಿಪ್ಪಾಣಿಯ ತಂಬಾಕು ವ್ಯಾಪಾರದ ಮನೆತನ. ಮನೆಯಲ್ಲಿ ಉರ್ದು, ಅಡತಿ ಅಂಗಡಿಯಲ್ಲಿ ಮರಾಠಿ, ನಮ್ಮ ಜೊತೆ ಕನ್ನಡ. ನಿಪ್ಪಾಣಿ ಕಡೆಯ ಯಾವ ಬಾಗಿಲು ತಟ್ಟಿದರೂ ಅವರ ಬಾಯಿಗೆ ಮೊದಲು ಮರಾಠಿಯೇ ಬರುತ್ತದೆ.

ಎರಡೂ ಸುತ್ತುಗಳನ್ನು ಕಂಪ್ಯೂಟರಿಗೆ ಕೊಟ್ಟೆವು. ಬೇಸಿಗೆಯಲ್ಲಿ ಪೂರಾ ನೀಲಿಯಾಗಿದ್ದ ಬೇಡಕಿಹಾಳ ಹಂಗಾಮಿಗೆ ಪೂರಾ ಬೂದಾಗಿತ್ತು. ಇಷ್ಟು ವೇಗದಲ್ಲಿ ಬದಲಾಗುವ ಊರನ್ನು ಮುಂದಿನ ವರ್ಷಗಳಿಗೆ ಓಡಿಸಿದರೆ ಏನಾಗಬೇಕೋ ಅದೇ ಆಯಿತು. ಕನ್ನಡದ ಗೆರೆ ಕಲ್ಲು ಬಿದ್ದ ಹಾಗೆ ಬಿತ್ತು. ಸರ್ ಆ ದಿನ ತಾವೇ ಕೆಳಗಿಳಿದು ಹೋಗಿ ಎಲ್ಲರಿಗೂ ಪೇಢೆ ತಂದರು. ಗೊಬ್ಬರದ ಅಂಗಡಿಯವರಿಗೂ ಕೊಟ್ಟರು.

"ಏನ್ರಿ ಸರ, ಏನ್ ವಿಶೇಷ?" ಎಂದು ಅಂಗಡಿಯವರು ಕೇಳಿದರು.

"ಬೇಡಕಿಹಾಳದಾಗ ಕನ್ನಡ ಮುಗೀತ್ರಿ" ಎಂದು ಸರ್ ನಗುನಗುತ್ತಾ ಹೇಳಿದರು. ಅಂಗಡಿಯವರು ಬಾಯಿಯ ಹತ್ತಿರ ಒಯ್ದ ಪೇಢೆಯನ್ನು ಮತ್ತೆ ಕಾಗದದಲ್ಲಿ ಸುತ್ತಿಟ್ಟರು.

ಎರಡನೇ ಹಂತ ಇನ್ನು ನಮ್ಮದೇ ಎಂದು ಸರ್ ತೀರ್ಮಾನಿಸಿದರು. ಹಣ ಕೊಡುವವರ ಮುಂದೆ ಮುಂದಿನ ಸೋಮವಾರ ವರದಿ ಒಪ್ಪಿಸಬೇಕಿತ್ತು. ಅಷ್ಟರೊಳಗೆ ಬೇಡಕಿಹಾಳದ ಕೊನೆಯ ಕನ್ನಡಿಗರ ಧ್ವನಿಯನ್ನು ಮುದ್ರಿಸಿಕೊಂಡು ಬರಬೇಕೆಂದು ನಮ್ಮಿಬ್ಬರನ್ನೂ ಒಟ್ಟಿಗೆ ಕಳಿಸಿದರು. ಅದುವರೆಗೆ ನಾವಿಬ್ಬರೂ ಒಂದೇ ಮನೆಗೆ ಒಟ್ಟಿಗೆ ಹೋದದ್ದೇ ಇರಲಿಲ್ಲ.

ಮೊದಲು ಹೋದದ್ದು ಗಂಗವ್ವನ ಮನೆಗೆ. ವಯಸ್ಸಾದವಳು, ಮನೆಯ ಹಿರಿಯಳು. ಸೊಸೆ ಗಡಿಯಾಚೆಯ ಇಚಲಕರಂಜಿ ಕಡೆಯವಳು, ಆಗ ಬಸುರಿ. ನಮ್ಮನ್ನು ಕಂಡು ಗಂಗವ್ವ ಅಂಗಳದಲ್ಲಿ ಚಾಪೆ ಹಾಸಿದಳು.

"ಬಾ ತಂಗಿ, ಕುಂಡ್ರು. ಹ್ವಾದ ಸಲ ಬಿಸಲಾಗ ಬಂದಾಕಿ ನೀರ ಸೈತ ಕುಡೀದ ಹ್ವಾದಿ" ಎಂದು ನನಗೆ ಅಂದು, ಮೆಹಬೂಬಭಾಯಿಯ ಕಡೆ ತಿರುಗಿ, "ಯೇ ರೇ ಬಾಬಾ, ಬಸ್. ಚಹಾ ಘೇಣಾರ ನಾ?" ಎಂದು ಅದೇ ಉಸಿರಿನಲ್ಲಿ ಮರಾಠಿಯಲ್ಲಿ ಕೂಡಲು ಹೇಳಿ, ಚಹಾ ಕುಡಿಯುತ್ತೀಯಲ್ಲ ಎಂದು ಕೇಳಿದಳು. ಚಹಾ ಬಂತು. ಸಕ್ಕರೆ ಸಾಕೋ ಬೇಕೋ ಎಂದು ನನ್ನನ್ನು ಕೇಳಿದ್ದು ಕನ್ನಡದಲ್ಲಿ. ಅವರನ್ನು ಮರಾಠಿಯಲ್ಲಿ ಕೇಳಿ, ಉತ್ತರ ಬರುವ ಮೊದಲೇ ಇನ್ನೊಂದು ಚಮಚ ಹಾಕಿದಳು. ಕತ್ತು ತಿರುಗಿದ ಕಡೆಗೆ ಮಾತು ತಿರುಗುತ್ತಿತ್ತು. ನಾನೂ ಮೆಹಬೂಬಭಾಯಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ಅವ್ವಾ, ನನ್ನ ಮುಂದ ಮನಿ ಮಾತು ಕನ್ನಡ ಅಂತ ಹೇಳಿದ್ರಿ" ಎಂದೆ. "ಇವ್ರ ಮುಂದ ಮರಾಠಿ ಅಂದೀರಿ."

"ಮತ್ತ? ಅಂವ ಮರಾಠ್ಯಾಗ ಕೇಳಿದ. ಬಾಗಲಿಗೆ ಬಂದಾವ ಒಂದ ಮಾತಾಡೂದು, ನಾವು ಒಂದ ಮಾತಾಡೂದು, ಚಂದ ಕಾಣ್ತೈತೇನು?"

"ಹಂಗಲ್ಲವ್ವಾ. ಯಾರೂ ಬರ್ಲಾರದ ದಿನಾ ಮನ್ಯಾಗ ಯಾವ್ದು ಮಾತಾಡ್ತೀರಿ?"

ಗಂಗವ್ವ ನನ್ನನ್ನು ಸ್ವಲ್ಪ ಕನಿಕರದಿಂದ ನೋಡಿದಳು. "ಯಾರೂ ಬರ್ಲಾರದ ದಿನಾ ಯಾವ್ದೈತಿ ತಂಗಿ, ನಮ್ಮನ್ಯಾಗ?"

ಆ ಓಣಿಯಲ್ಲಿ ಇನ್ನೂ ಐದಾರು ಮನೆಗಳಿಗೆ ಹೋದೆವು. ಎಲ್ಲ ಕಡೆಯೂ ಅದೇ. ನನಗೆ ಕನ್ನಡ, ಅವರಿಗೆ ಮರಾಠಿ, ಇಬ್ಬರಿಗೂ ಚಹಾ. ನಿಪ್ಪಾಣಿ ಬಸ್ಸಿಗೆ ಕಾಯುತ್ತಾ ನಿಂತಾಗ ಮೆಹಬೂಬಭಾಯಿ ನಗಲು ಶುರುಮಾಡಿದರು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

"ನಾವು ಊರು ಅಳದಿಲ್ರಿ ಬಾಯಾರ. ನೀವು ಹೋದಾಗ ನಿಮ್ಮನ್ನ ಅಳದೀವಿ, ನಾ ಹೋದಾಗ ನನ್ನ." ಆಮೇಲೆ ಕಣ್ಣೊರೆಸಿಕೊಂಡರು. "ಸರಗ ಯಾರ್ ಹೇಳಾವ್ರು?"

ನಾನು ಹೇಳಿದೆ. ಹೇಳುವ ಮೊದಲು ಚುಕ್ಕೆಗಳಿಗೆ ಒಂದು ಹೊಸ ನಿಯಮ ಬರೆದೆ: ಎದುರಿಗೆ ಬಂದವರ ಮಾತಿನಲ್ಲಿ ಉತ್ತರಿಸು, ಆದರೆ ನಿನ್ನದನ್ನು ಮರೆಯಬೇಡ. ಗುಂಡಿ ಒತ್ತಿದೆ. ನೂರು ವರ್ಷ ಹೋಯಿತು, ಇನ್ನೂರು ಹೋಯಿತು. ಬೇಡಕಿಹಾಳದಲ್ಲಿ ಯಾವುದೂ ಬೀಳಲಿಲ್ಲ, ಏಳಲಿಲ್ಲ. ಚುಕ್ಕೆಗಳು ಭೇಟಿಯಾದವು, ಮಾತಾಡಿದವು, ಹೋದವು.

"ಇದು ಮಲಗೈತಲ್ಲ" ಎಂದರು ಬಿಳಗಿ ಸರ್.

"ಮಲಗಿಲ್ರಿ ಸರ. ಅದು ಇರೂದ ಹಂಗ."

"ಮಲಗಿದ ಗೆರಿಗೆ ಯಾರೂ ಎರಡನೇ ಹಂತ ಕೊಡಂಗಿಲ್ಲವಾ. ಹಿಂಗ ಮಾಡೂಣು. ಸೋಮವಾರ ಬೀಳೂದ ತೋರಸೂಣು. ಎರಡನೇ ಹಂತ ಸಿಕ್ಕ ಮ್ಯಾಲ ಸಾವಕಾಶ ಎಬ್ಬಸೂಣು."

"ಅಷ್ಟರಾಗ ಬೇಡಕಿಹಾಳಕ್ಕ ಬರೇ ಮರಾಠಿ ಫೋನ್ ಬರತೈತ್ರಿ ಸರ. ಕನ್ನಡಾದಾಗ ತಿಳ್ಕೊಳ್ಳಾವ್ರ ಮನ್ಯಾಗ ಸೂಜಿ ದಿನಾ ತಪ್ಪತೈತಿ."

"ನಿನ್ನ ಕೆಲಸಾನೂ ತಪ್ಪತೈತಿ. ಮೆಹಬೂಬಂದೂ. ನಂದೂ."

ಅವರು ಹೇಳಿದ್ದು ನಿಜವೇ. ಮೆಹಬೂಬಭಾಯಿ ಕಿಟಕಿಯ ಹತ್ತಿರ ನಿಂತು ಕೆಳಗೆ ಗೊಬ್ಬರದ ಚೀಲ ಇಳಿಸುವುದನ್ನು ನೋಡುತ್ತಿದ್ದರು. ಸರ್ ಎರಡೂ ಗ್ರಾಫುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಮನೆಗೆ ಹೋದರು. ಯಾವುದನ್ನು ತೋರಿಸುತ್ತಾರೆಂದು ಹೇಳಲಿಲ್ಲ.

ಸೋಮವಾರ ಬಂದ ಅಧಿಕಾರಿ ಬಹಳ ದೂರದವರು. ಹಿಂದಿಯಲ್ಲಿ ಮಾತಾಡಿಸಿದರು. ನಾವು ಹಿಂದಿಯಲ್ಲಿ ಉತ್ತರಿಸಿದೆವು. ಸರ್ ಹಿಂದಿಯಲ್ಲಿ ಸ್ವಾಗತಿಸಿದರು, ಚಹಾ ತಂದಿಟ್ಟ ಅಂಗಡಿಯವರೂ "ಲೀಜಿಯೇ ಸಾಬ್" ಎಂದರು. ಆ ಕೋಣೆಯನ್ನು ನಮ್ಮ ಹಳೆಯ ಮಾಡೆಲ್ಲಿಗೆ ಹಾಕಿದ್ದರೆ, ಐದೂ ತಾಲೂಕುಗಳಲ್ಲಿ ಕನ್ನಡ, ಮರಾಠಿ ಎರಡೂ ಆ ಮಧ್ಯಾಹ್ನವೇ ಮುಗಿದುಹೋಗುತ್ತಿದ್ದವು.

ಸರ್ ಮೊದಲು ಬೀಳುವ ಗೆರೆ ತೋರಿಸಿದರು. ಅಧಿಕಾರಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

"ತೋ ಬೇಡಕಿಹಾಳ ಮೇಂ ಮರಾಠಿ. ಪಕ್ಕಾ?"

ಸರ್ ಪರದೆಯನ್ನು ನೋಡಿದರು. ಆ ಗೆರೆ ನಿಜಕ್ಕೂ ಬಹಳ ಚೆನ್ನಾಗಿ ಬಿದ್ದಿತ್ತು. ಅವರ ಜೀವನದಲ್ಲಿ ಅಂಥದ್ದು ಇನ್ನೊಂದು ಬಿದ್ದಿರಲಿಲ್ಲ. ಆಮೇಲೆ ನಮ್ಮಿಬ್ಬರ ಕಡೆ ನೋಡಿ, ಕನ್ನಡಕ ತೆಗೆದು ಒರೆಸಿಕೊಂಡರು.

"ಪೂಛನೇವಾಲೇ ಪರ್ ಹೈ, ಸಾಬ್" ಎಂದರು. ಯಾರು ಕೇಳುತ್ತಾರೆ ಎಂಬುದರ ಮೇಲೆ ಇದೆ ಎಂದು.

ಮತ್ತೆ ಮಲಗಿದ ಗೆರೆಯನ್ನು ಹಾಕಿದರು. ಊರಿಗೆ ಒಂದೇ ಭಾಷೆ ಎಂಬ ಲೆಕ್ಕ ಇಲ್ಲಿ ಹೊಂದುವುದಿಲ್ಲ, ಎರಡರಲ್ಲೂ ಮುದ್ರಿಸಬೇಕು, ಫೋನು ಮೊದಲು ಯಾವ ಮಾತು ಬೇಕೆಂದು ಕೇಳಬೇಕು ಎಂದು ವಿವರಿಸಿದರು. ಅಧಿಕಾರಿ ಗೆರೆಯನ್ನು ಬಹಳ ಹೊತ್ತು ನೋಡಿ, ಕಂಪ್ಯೂಟರ್ ನಿಂತುಹೋಗಿದೆಯೇ ಎಂದು ಕೇಳಿದರು. ಇಲ್ಲ, ನಡೆಯುತ್ತಿದೆ ಎಂದೆವು. ಇಷ್ಟು ಕಾಲ ಕೆಲಸ ಮಾಡಿ ಹಾಗಾದರೆ ನೀವು ಕಂಡುಹಿಡಿದದ್ದು ಏನು ಎಂದು ಕೇಳಿದರು. ಅದಕ್ಕೆ ಉತ್ತರ ಹೇಳುವಷ್ಟು ಹಿಂದಿ ನಮ್ಮಲ್ಲಿ ಯಾರಿಗೂ ಬರುತ್ತಿರಲಿಲ್ಲ.

ಎರಡನೇ ಹಂತ ಬರಲಿಲ್ಲ. ಫಲಿತಾಂಶ ಸ್ಪಷ್ಟವಾಗಿಲ್ಲ ಎಂದು ತಿಳಿಸಿದರು. ಶಾಲುಗಳನ್ನು ಸರ್ ತಮ್ಮ ಕೈಯಿಂದಲೇ ತಂದಿದ್ದರು.

ಕೆಲಸಕ್ಕೆ ಹೋಗುವ ಹುಡುಗಿಯರಿಗೆ ಒಂದು ಮಾತು. ಮಾಡೆಲ್ಲಿನ ಲೆಕ್ಕ, ನಿಯಮ, ಬಣ್ಣ ಎಲ್ಲವನ್ನೂ ಅಲ್ಲಿ ನಿಮಗೆ ಕಲಿಸುತ್ತಾರೆ. ಬಾಗಿಲು ತಟ್ಟಿದವರ ಮಾತು ಯಾವುದಿತ್ತು ಎಂದು ಬರೆಯಲು ಮಾತ್ರ ಜಾಗ ಕೊಟ್ಟಿರುವುದಿಲ್ಲ. ಹಾಳೆಯ ಬದಿಯಲ್ಲಿ ನೀವೇ ಬರೆದುಕೊಳ್ಳಿ. ಹಾಳೆ ಇಲ್ಲದಿದ್ದರೆ ಅಂಗೈ ಮೇಲೆ ಬರೆದುಕೊಳ್ಳಿ.

ಮೆಹಬೂಬಭಾಯಿ ಈಗ ನಿಪ್ಪಾಣಿಯಲ್ಲಿ ಅಣ್ಣನ ತಂಬಾಕು ಅಡತಿಯಲ್ಲಿ ಕೂಡುತ್ತಾರೆ. ಫೋನ್ ಕರೆಗಳು ಕೊನೆಗೂ ಶುರುವಾದವು. ಐದು ತಾಲೂಕಿನ ಗೊಂದಲವೇ ಬೇಡವೆಂದು ಎಲ್ಲ ಊರಿಗೂ ಹಿಂದಿಯಲ್ಲೇ ಮುದ್ರಿಸಿದ್ದಾರೆ. ಬೇಡಕಿಹಾಳದಲ್ಲಿ ಅದಕ್ಕೆ ಬಹಳ ಒಳ್ಳೆಯ ಹೆಸರಿದೆಯಂತೆ. ನಡುವೆ ಯಾರೂ ಫೋನ್ ಇಡುವುದಿಲ್ಲ, ಕೊನೆಯವರೆಗೂ ಕೇಳುತ್ತಾರೆ, ಆದ್ದರಿಂದ ಆ ಊರಿಗೆ ಹಿಂದಿ ಪೂರ್ತಿ ಹೊಂದಿದೆ ಎಂದು ಅವರ ಕಂಪ್ಯೂಟರ್ ಹೇಳುತ್ತದೆ ಎಂದು ಬಿಳಗಿ ಸರ್ ಯಾವುದೋ ಸಭೆಯಲ್ಲಿ ಕೇಳಿಕೊಂಡು ಬಂದು ನನಗೆ ತಿಳಿಸಿದರು.

ಮೊನ್ನೆ ಗಂಗವ್ವನ ಮನೆಗೆ ಹೋಗಿದ್ದೆ. ಸೊಸೆ ಹೆತ್ತಿದ್ದಾಳೆ, ಕೂಸು ನೋಡಲು ಬಾ ಎಂದು ಹೇಳಿಕಳಿಸಿದ್ದಳು. ಚಾಪೆಯ ಮೇಲೆ ಕುಳಿತು ಮಾತಾಡುತ್ತಿರುವಾಗ ಫೋನ್ ಬಂತು. ಗಂಗವ್ವ ಸೆರಗು ಸರಿಮಾಡಿಕೊಂಡು ಕಿವಿಗೆ ಹಿಡಿದಳು. ಒಳಗಿನಿಂದ ಒಂದು ಹೆಣ್ಣಿನ ಧ್ವನಿ ಶುದ್ಧ ಹಿಂದಿಯಲ್ಲಿ ನಿಲ್ಲದೆ ಮಾತಾಡುತ್ತಿರುವುದು ನನಗೂ ಕೇಳಿಸುತ್ತಿತ್ತು. "ಹಾಂ ಜೀ" ಎಂದಳು ಗಂಗವ್ವ. "ಅಚ್ಛಾ ಜೀ." ಮತ್ತೆ, "ಹಾಂ ಜೀ." ಧ್ವನಿ ನಿಂತ ಮೇಲೆ ಫೋನನ್ನು ಜೋಪಾನವಾಗಿ ಕೆಳಗಿಟ್ಟಳು.

"ಏನಂತವ್ವಾ?" ಎಂದೆ.

"ತಿಳೀಲಿಲ್ಲ ತಂಗಿ. ಪಾಪ, ಎಲ್ಲಿಂದ ಮಾತಾಡಾಕತ್ತಾಳೋ ಏನೋ, ನಡಬರಕ ಇಡಾಕ ಬರ್ತೈತೇನು?"

"ಬರೂ ಗುರುವಾರ ಕೂಸಿಗೆ ಸೂಜಿ ಐತಂತ. ದವಾಖಾನಿಗೆ ಕರ್ಕೊಂಡ ಹೋಗಬೇಕಂತ."

"ಹೌದೇನು?" ಎಂದ ಗಂಗವ್ವ ಒಳಮನೆಯ ಕಡೆ ಕತ್ತು ತಿರುಗಿಸಿ, ಗುರುವಾರ ಸೂಜಿ ಇದೆ ಎಂದು ಸೊಸೆಗೆ ಮರಾಠಿಯಲ್ಲಿ ಕೂಗಿ ಹೇಳಿದಳು. ಯಾರು ಹೇಳಿದರು ಎಂದು ಸೊಸೆ ಒಳಗಿನಿಂದ ಕೇಳಿದಳು. ಗಂಗವ್ವ ನನ್ನ ಮುಖವನ್ನು ಒಮ್ಮೆ ನೋಡಿ, "ಫೋನವಾಲೀ ಇಥಂಚ ಬಸಲೀಯೆ ನಾ" ಎಂದಳು. ಫೋನಿನವಳು ಇಲ್ಲೇ ಕೂತಿದ್ದಾಳಲ್ಲ ಎಂದು.

ನಿವೃತ್ತಿಯ ಮೇಲೆ ನನಗೆ ಸಿಕ್ಕ ಮೊದಲ ಹುದ್ದೆ ಅದು. ಸಕ್ಕರೆ ಸಾಕೋ ಬೇಕೋ ಎಂದು ಗಂಗವ್ವ ಕನ್ನಡದಲ್ಲಿ ಕೇಳಿದಳು. ಸಾಕು ಎಂದೆ.